ಚೊಚ್ಚಲ ಹೆರಿಗೆ: ತವರಿನ ಮಡಿಲು, ಆಸ್ಪತ್ರೆಯ ಬಾಗಿಲು

ಈ ಮಳೆಗಾಲದ ಆರಂಭದಲ್ಲಿ ಒಂದು ಭಾನುವಾರ, ಬೆಳಗಿನ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ, ನಮ್ಮ ಧರ್ಮಕೇಂದ್ರದ ಯುವ ದಂಪತಿ ಗುರುನಿವಾಸದ ಜಗಲಿಗೆ ಬಂದು ನಿಂತರು. ಆಕೆಗೆ ಏಳು ತಿಂಗಳು, ಚೊಚ್ಚಲ ಬಸಿರು. ಹೆರಿಗೆಗೆ ಮುನ್ನ ಗರ್ಭಿಣಿಯರಿಗೆ ಧರ್ಮಸಭೆಯು ನೀಡುವ ಆಶೀರ್ವಾದವನ್ನು ಬೇಡಿ ಅವರು ಬಂದಿದ್ದರು. ಪ್ರಾರ್ಥನೆ ಮುಗಿಸಿ, ಹೆರಿಗೆ ಎಲ್ಲಿ ಎಂದು ಸಹಜವಾಗಿ ವಿಚಾರಿಸಿದೆವು.

"ತವರಿನಲ್ಲಿ ಫಾದರ್, ಮನೆಯಲ್ಲೇ. ನಮ್ಮ ಅಜ್ಜಿ ಅದೇ ಕೋಣೆಯಲ್ಲಿ ಏಳು ಮಕ್ಕಳನ್ನು ಹೆತ್ತಿದ್ದಾರೆ" ಎಂದಳು ಆ ಹೆಣ್ಣುಮಗಳು.

ಇಬ್ಬರೂ ವಿದ್ಯಾವಂತರು. ಪತಿಯು ಪಟ್ಟಣದಲ್ಲಿ ಒಳ್ಳೆಯ ಉದ್ಯೋಗದಲ್ಲಿರುವವರು. ಆದ್ದರಿಂದ ನಮಗೆ ಆಶ್ಚರ್ಯವಾಯಿತು. ಕಾರಣ ಕೇಳಿದಾಗ ಆಕೆ ತನ್ನ ಅಕ್ಕನ ಅನುಭವವನ್ನು ಹೇಳಿಕೊಂಡಳು. ಅಕ್ಕನನ್ನು ಹೆರಿಗೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಿದ್ದರಂತೆ. ತಾಯಿಯನ್ನು ಒಳಗೆ ಬಿಡಲಿಲ್ಲ. ನೋವಿಗೆ ಕೂಗಿದರೆ ಗದರಿದರು. ಕೊನೆಗೆ ಕಾರಣವನ್ನು ವಿವರಿಸದೆ ಶಸ್ತ್ರಚಿಕಿತ್ಸೆ ಮಾಡಿದರು. "ಹೆರಿಗೆ ಒಂದು ಕಾಯಿಲೆಯಲ್ಲವಲ್ಲ ಫಾದರ್? ನಾವು ಪ್ರಾರ್ಥನೆ ಮಾಡುತ್ತಿದ್ದೇವೆ. ದೇವರು ನೋಡಿಕೊಳ್ಳುವುದಿಲ್ಲವೇ?"

ಆ ಕ್ಷಣದಲ್ಲಿ ನಮ್ಮಿಂದ ಸಮರ್ಪಕ ಉತ್ತರ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಹೆರಿಗೆ ಕಾಯಿಲೆಯಲ್ಲ ಎಂಬುದು ನಿಜ. ದೇವರು ನೋಡಿಕೊಳ್ಳುತ್ತಾರೆ ಎಂಬುದೂ ನಿಜ. ಎರಡು ನಿಜಗಳನ್ನು ಕೂಡಿಸಿ ತಪ್ಪು ತೀರ್ಮಾನಕ್ಕೆ ಬರಲು ಸಾಧ್ಯವೆಂದು ಗುರುಮಠದ ತರ್ಕಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆವು; ಆದರೆ ತುಂಬು ಬಸುರಿಯ ಎದುರು ತರ್ಕಶಾಸ್ತ್ರ ಹೇಳುವುದುಂಟೇ? ಮನೆಗೆ ಬಂದು ಮಾತನಾಡುತ್ತೇವೆಂದು ಹೇಳಿ ಕಳುಹಿಸಿದೆವು. ಮುಂದೆ ನಡೆದುದನ್ನು, ಆ ಕುಟುಂಬದ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದು.

ಅಜ್ಜಿಯ ಲೆಕ್ಕ

ವಾರದ ನಂತರ ಆಕೆಯ ತವರಿಗೆ ಹೋದೆವು. ಊರಿನಿಂದ ಒಳಗೆ ತೋಟದ ದಾರಿ. ನಡುವೆ ಒಂದು ಹಳ್ಳ. ಅಜ್ಜಿಗೆ ಎಂಬತ್ತು ದಾಟಿದೆ, ಜಪಸರ ಕೈಯಲ್ಲಿತ್ತು. ಮೊಮ್ಮಗಳ ಮಾತನ್ನು ಅವರ ಮುಂದಿಟ್ಟು, "ಇದೇ ಕೋಣೆಯಲ್ಲಿ ಏಳು ಹೆತ್ತಿರಂತೆ ಅಜ್ಜಿ" ಎಂದೆವು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೆತ್ತದ್ದು ಒಂಬತ್ತು ಸ್ವಾಮಿ. ಉಳಿದದ್ದು ಏಳು" ಎಂದರು.

ಮೊಮ್ಮಗಳು ತಲೆಯೆತ್ತಿ ನೋಡಿದಳು. ಆಕೆಗೆ ಇದು ತಿಳಿದಿರಲಿಲ್ಲ. ಐದನೆಯ ಮಗು ಹುಟ್ಟಿದ ವಾರದಲ್ಲಿ ಜ್ವರದಿಂದ ತೀರಿಕೊಂಡಿತ್ತು. ಮೊದಲನೆಯದು ಹುಟ್ಟಿದ ಗಳಿಗೆಯಲ್ಲೇ ಹೋಗಿತ್ತು. "ಎರಡು ಹಗಲು, ಒಂದು ರಾತ್ರಿ ನೋವು ತಿಂದೆ. ಹಳ್ಳ ತುಂಬಿತ್ತು, ಗಾಡಿ ದಾಟುವಂತಿರಲಿಲ್ಲ. ಮಗು ಬಂತು, ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಕಾಲು ಹಿಡಿದು ತೂಗಿದಳು. ಇನ್ನೂ ಚೂರು ಉಸಿರಿತ್ತು. ಆಗ ಅವಳೇ ನೀರು ಹೊಯ್ದು ಹೆಸರಿಟ್ಟಳು." ಆ ಸೂಲಗಿತ್ತಿ ಕ್ರೈಸ್ತಳಾಗಿರಲಿಲ್ಲ. ಆದರೆ ಆಗಿನ ಗುರುಗಳು ಆಕೆಗೆ ತುರ್ತು ಸ್ನಾನದೀಕ್ಷೆಯ ಕ್ರಮವನ್ನು ಹೇಳಿಕೊಟ್ಟಿದ್ದರು.

ಸಾವಿನಂಚಿನಲ್ಲಿರುವ ಶಿಶುವಿಗೆ ಯಾರು ಬೇಕಾದರೂ ಸ್ನಾನದೀಕ್ಷೆ ಕೊಡಬಹುದು ಎಂಬುದು ಧರ್ಮಸಭೆಯ ನಿಯಮ. ಅದರ ಕ್ರಮವನ್ನು ಜನರಿಗೆ ಕಲಿಸುವುದು ಧರ್ಮಕೇಂದ್ರದ ಗುರುವಿನ ಕರ್ತವ್ಯ. ಹಿಂದಿನ ಕಾಲದಲ್ಲಿ ಗುರುಗಳು ಇದನ್ನು ಸೂಲಗಿತ್ತಿಯರಿಗೇ ವಿಶೇಷವಾಗಿ ಏಕೆ ಕಲಿಸುತ್ತಿದ್ದರು? ಹೆರಿಗೆಯ ಕೋಣೆಯಲ್ಲಿ ಸಾವು ಎಷ್ಟು ಹತ್ತಿರದಲ್ಲಿರುತ್ತದೆಂದು ಅವರು ಬಲ್ಲವರಾಗಿದ್ದರು.

ಮನೆಯ ನೆನಪು ಉಳಿದವರನ್ನು ಮಾತ್ರ ಎಣಿಸುತ್ತದೆ. ಹೋದವರನ್ನು ಹೆತ್ತವಳೊಬ್ಬಳೇ ಎಣಿಸುತ್ತಾಳೆ. "ನಮ್ಮ ಹಿರಿಯರೆಲ್ಲ ಮನೆಯಲ್ಲೇ ಹೆತ್ತರು, ಏನಾಯಿತು?" ಎಂದು ಕೇಳುವ ಮುನ್ನ ಪ್ರತಿಯೊಂದು ಮನೆಯವರೂ ತಮ್ಮ ಅಜ್ಜಿಯನ್ನು ಏಕಾಂತದಲ್ಲಿ ಕೇಳಿ ನೋಡುವುದು ಒಳ್ಳೆಯದು.

ಚೊಚ್ಚಲು ಏಕೆ ಬೇರೆ?

ಹಲವು ವರ್ಷ ಹೆರಿಗೆ ವಿಭಾಗದಲ್ಲಿ ಸೇವೆ ಸಲ್ಲಿಸಿದ ಒಬ್ಬ ವೈದ್ಯ ಭಗಿನಿಯವರನ್ನು ನಾವು ವಿಚಾರಿಸಿದೆವು. ಅವರು ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಎರಡನೆಯ ಹೆರಿಗೆಗೆ ಒಂದು ಚರಿತ್ರೆಯಿದೆ, ಮೊದಲನೆಯದಕ್ಕೆ ಇಲ್ಲ. ಒಮ್ಮೆ ಸುಖವಾಗಿ ಹೆತ್ತವಳ ಕಟಿಯ ಎಲುಬು ಮಗುವಿಗೆ ದಾರಿ ಬಿಟ್ಟಿದೆ, ಗರ್ಭಕೋಶ ತನ್ನ ಕೆಲಸವನ್ನು ಒಮ್ಮೆ ಮಾಡಿ ತೋರಿಸಿದೆ. ಚೊಚ್ಚಲಲ್ಲಿ ಇದೆಲ್ಲವೂ ಇನ್ನೂ ತಿಳಿಯಬೇಕಾದ ಸಂಗತಿ. ನೋವು ದೀರ್ಘವಾಗಿರುತ್ತದೆ. ರಕ್ತದೊತ್ತಡ ಏರಿ ಕೈಕಾಲು ಊದಿ, ಕೊನೆಗೆ ಸೆಳವು ಬರಿಸಬಲ್ಲ ಗರ್ಭಿಣಿ ನಂಜು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಚೊಚ್ಚಲ ಬಸಿರಿನಲ್ಲೇ.

ಮತ್ತೆರಡು ಅಪಾಯಗಳು ಯಾವ ಹೆರಿಗೆಯಲ್ಲೂ ಮುನ್ಸೂಚನೆ ಕೊಡದೆ ಬರಬಹುದು. ಒಂದು, ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗದೆ ಆಗುವ ರಕ್ತಸ್ರಾವ. ತುಂಬು ಬಸುರಿಯ ಗರ್ಭಕೋಶದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಅದು ಮುದುಡಿಕೊಳ್ಳದಿದ್ದರೆ ಆರೋಗ್ಯವಂತ ತಾಯಿಯೂ ಒಂದೆರಡು ಗಂಟೆಗಳಲ್ಲಿ ಪ್ರಾಣ ಕಳೆದುಕೊಳ್ಳಬಹುದು. ಇದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಅಗ್ಗದ್ದು. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಕೊಡಬಲ್ಲವರು ಪಕ್ಕದಲ್ಲಿರಬೇಕು. ಎರಡನೆಯದು, ಉಸಿರಾಡದ ಮಗು. ಹುಟ್ಟುವ 100 ಶಿಶುಗಳಲ್ಲಿ ಸುಮಾರು 10ಕ್ಕೆ ಉಸಿರು ಹಿಡಿಯಲು ಏನಾದರೊಂದು ನೆರವು ಬೇಕಾಗುತ್ತದೆ. ಆ ನೆರವಿಗೆ ಇರುವ ಕಾಲ ಮೊದಲನೆಯ ಒಂದು ನಿಮಿಷ. ಅಜ್ಜಿಯ ಮೊದಲ ಮಗುವಿಗೆ ಆ ನಿಮಿಷದಲ್ಲಿ ಬೇಕಾಗಿದ್ದುದು ಪ್ರಾಯಶಃ ಒಂದು ಪುಟ್ಟ ಗಾಳಿಚೀಲ ಮತ್ತು ಅದನ್ನು ಒತ್ತಲು ಕಲಿತ ಒಂದು ಕೈ.

ಇಂಗ್ಲೆಂಡ್ ಹೇಳುವ ಪಾಠ

"ವಿದೇಶಗಳಲ್ಲಿ ಮನೆಹೆರಿಗೆಗೆ ಸರ್ಕಾರವೇ ಅವಕಾಶ ಕೊಟ್ಟಿದೆ" ಎಂದು ಆ ಯುವಕರು ವಾದಿಸಿದ್ದರು. ಅದು ಸತ್ಯ. ಆದರೆ ಪೂರ್ಣ ಸತ್ಯವನ್ನು ತಿಳಿಯೋಣ. ಇಂಗ್ಲೆಂಡಿನಲ್ಲಿ ಯಾವ ತೊಡಕೂ ಕಾಣದಿದ್ದ 64 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಈ ಮೊದಲೇ ಹೆತ್ತಿದ್ದ ತಾಯಂದಿರಲ್ಲಿ ಮನೆಗೂ ಆಸ್ಪತ್ರೆಗೂ ಮಗುವಿನ ಕ್ಷೇಮದ ದೃಷ್ಟಿಯಿಂದ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಮನೆಯಲ್ಲಿ ಶಸ್ತ್ರಚಿಕಿತ್ಸೆಯಂಥ ಮಧ್ಯಪ್ರವೇಶಗಳೂ ಕಡಿಮೆಯಾಗಿದ್ದವು. ಆದರೆ ಚೊಚ್ಚಲ ತಾಯಂದಿರ ಲೆಕ್ಕ ಬೇರೆಯೇ ಆಗಿತ್ತು. ಮಗುವಿನ ಸಾವು, ಮಿದುಳಿಗೆ ಪೆಟ್ಟು ಮೊದಲಾದ ಗಂಭೀರ ಅನಾಹುತಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಸ್ಪತ್ರೆಯ ಹೆರಿಗೆಗಳಲ್ಲಿ ಅವು 1000ಕ್ಕೆ 5.3 ಇದ್ದರೆ ಮನೆಯಲ್ಲಿ ಹೆರಲು ನಿಶ್ಚಯಿಸಿದವರಲ್ಲಿ 9.3 ಆಗಿದ್ದವು. ಮನೆಯಲ್ಲೇ ಹೆರಬೇಕೆಂದಿದ್ದ ಚೊಚ್ಚಲ ತಾಯಂದಿರಲ್ಲಿ 100ಕ್ಕೆ 45 ಮಂದಿಯನ್ನು ನಡುವೆಯೋ ಹೆರಿಗೆಯಾದ ಮೇಲೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಈ ಸಂಖ್ಯೆ ಕೇವಲ 12.

1000ಕ್ಕೆ 9 ಎಂದರೆ ದೊಡ್ಡ ಸಂಖ್ಯೆಯಲ್ಲ; ಬಹುಪಾಲು ಹೆರಿಗೆಗಳು ಅಲ್ಲಿಯೂ ಸುಖವಾಗಿಯೇ ಆದವು. ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದನ್ನು ಗಮನಿಸಬೇಕು. ಅಲ್ಲಿ ಮನೆಗೆ ಬರುವವರು ತರಬೇತಿ ಪಡೆದು ನೋಂದಾಯಿತರಾದ ಸೂಲಗಿತ್ತಿಯರು. ಕರೆದರೆ ಆಂಬ್ಯುಲೆನ್ಸ್ ಬರುತ್ತದೆ, ಮುಂದೆ ಆಸ್ಪತ್ರೆ ಸಿದ್ಧವಾಗಿರುತ್ತದೆ. ಅಷ್ಟಿದ್ದೂ ಚೊಚ್ಚಲಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮನೆ ಬಿಟ್ಟು ಹೊರಡಬೇಕಾಯಿತು. ತೋಟದ ನಡುವಿನ ಮನೆ, ತುಂಬಿದ ಹಳ್ಳ, ಮೊಬೈಲಿನಲ್ಲಿ ನೋಡಿ ಕಲಿತ ಗಂಡ, ಇಷ್ಟೇ ಇರುವಲ್ಲಿ ಆ 45 ಮಂದಿಯ ಗತಿಯೇನು?

ನಮ್ಮ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಭಾರತದ 100 ಹೆರಿಗೆಗಳಲ್ಲಿ 26 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರಲ್ಲಿ ಅದು 89ರ ಸಮೀಪಕ್ಕೆ ಬಂದಿತ್ತು, ಕರ್ನಾಟಕದಲ್ಲಿ 97ಕ್ಕೆ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುತ್ತಿದ್ದ ತಾಯಂದಿರ ಸಂಖ್ಯೆ 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಪೌಷ್ಟಿಕತೆ, ಶಿಕ್ಷಣ, ರಸ್ತೆ ಎಲ್ಲವೂ ಇದಕ್ಕೆ ನೆರವಾಗಿವೆ. ಆದರೂ ಹೆರಿಗೆಯ ಜಾಗ ಬದಲಾದುದರ ಪಾಲು ಸಣ್ಣದಲ್ಲ.

ವಿಶ್ವಾಸದ ಹೆಸರಿನಲ್ಲಿ

ಇನ್ನು ಆ ಹೆಣ್ಣುಮಗಳ ಪ್ರಶ್ನೆ: ದೇವರು ನೋಡಿಕೊಳ್ಳುವುದಿಲ್ಲವೇ? ಮಾತೆ ಮರಿಯಮ್ಮನವರು ಗೋದಲಿಯಲ್ಲಿ ಹೆರಲಿಲ್ಲವೇ ಎಂದು ಮನೆಯ ಹಿರಿಯರೊಬ್ಬರು ದನಿಗೂಡಿಸಿದರು.

ಹೌದು, ಅದೂ ಚೊಚ್ಚಲ ಹೆರಿಗೆಯೇ. ಆದರೆ ಸಂತ ಲೂಕರ ಶುಭಸಂದೇಶವನ್ನು ಗಮನವಿಟ್ಟು ಓದಿರಿ. ಛತ್ರದಲ್ಲಿ ಸ್ಥಳವಿರಲಿಲ್ಲವೆಂದು ಗೋದಲಿಯ ಕಥೆ ಬರುತ್ತದೆಯೇ ಹೊರತು ಗೋದಲಿಯೇ ಮೇಲೆಂದಲ್ಲ. ಅದು ಆಯ್ಕೆಯಲ್ಲ, ಕೊರತೆ. ತುಂಬು ಬಸುರಿಗೆ ಜಾಗ ಕೊಡದ ಊರಿನ ನಿರ್ದಯತೆಗೆ ಅದು ಸಾಕ್ಷಿ. ಅದೇ ಲೂಕರು ಮತ್ತೊಬ್ಬ ಚೊಚ್ಚಲ ಗರ್ಭಿಣಿಯ ಕಥೆಯನ್ನೂ ಹೇಳಿದ್ದಾರೆ: ಮುಪ್ಪಿನಲ್ಲಿ ಬಸುರಾದ ಎಲಿಜಬೇತಮ್ಮನವರು. ಸುದ್ದಿ ತಿಳಿದ ಮರಿಯಮ್ಮನವರು ಮನೆಯಲ್ಲಿ ಕುಳಿತು ಪ್ರಾರ್ಥಿಸಿದ್ದರೆ ಸಾಕಿತ್ತು. ಆದರೆ ಅವರು ಬೆಟ್ಟದ ನಾಡಿಗೆ ಅವಸರದಿಂದ ಹೊರಟರು, ಸುಮಾರು ಮೂರು ತಿಂಗಳು ಜೊತೆಯಲ್ಲಿದ್ದರು. ವಿಶ್ವಾಸಕ್ಕೆ ಕಾಲುಗಳಿವೆ ಎಂದು ಇದರಿಂದ ತಿಳಿಯುತ್ತದೆ.

ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುವರು ಎಂದು ಸೈತಾನನು ಯೇಸು ಸ್ವಾಮಿಯನ್ನು ಶೋಧಿಸಿದ. ದೇವರನ್ನು ಪರೀಕ್ಷಿಸಬಾರದೆಂಬ ಶಾಸ್ತ್ರವಾಕ್ಯದಿಂದಲೇ ಸ್ವಾಮಿ ಉತ್ತರಿಸಿದರು. ಮೆಟ್ಟಿಲು ಇರುವಾಗ ಇಳಿದು ಬರುವುದು ಅವಿಶ್ವಾಸವಲ್ಲ. ದೇವರು ಸಾಮಾನ್ಯವಾಗಿ ಕಾರ್ಯ ಮಾಡುವುದು ತಾವು ಸೃಷ್ಟಿಸಿದ ಕಾರಣಗಳ ಮೂಲಕವೇ ಎಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದ್ದಾರೆ. ದಾದಿಯ ಕೈ ಕೂಡ ಅಂಥ ಒಂದು ಕಾರಣ. ಅವರೇ ವಿವೇಕವೆಂಬ ಸದ್ಗುಣದ ಅಂಗಗಳನ್ನು ಹೇಳುವಾಗ ನೆನಪನ್ನೂ, ಬಲ್ಲವರಿಂದ ಕಲಿಯುವ ವಿನಯವನ್ನೂ, ಮುಂದಾಲೋಚನೆಯನ್ನೂ ಹೆಸರಿಸುತ್ತಾರೆ. ಚೊಚ್ಚಲ ತಾಯಿಗೆ ತನ್ನದೇ ಆದ ನೆನಪು ಇರಲಾರದು. ಆದ್ದರಿಂದ ಆಕೆಗೂ ಆಕೆಯ ಮನೆಯವರಿಗೂ ಕಲಿಯುವ ವಿನಯ ಇಮ್ಮಡಿ ಬೇಕು.

ಧರ್ಮಸಭೆಯೂ ಈ ವಿಷಯದಲ್ಲಿ ಕಲಿಯುತ್ತಲೇ ಬಂದಿದೆ. ಒಂದು ಕಾಲದಲ್ಲಿ ವ್ರತಧಾರಿ ಕನ್ಯಾಸ್ತ್ರೀಯರು ಹೆರಿಗೆ ಮಾಡಿಸುವಂತಿರಲಿಲ್ಲ. 1920ರಲ್ಲಿ ಗುಂಟೂರಿಗೆ ಬಂದ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿಯವರು ಕನ್ಯಾಸ್ತ್ರೀಯಾಗಿಯೂ ವೈದ್ಯವೃತ್ತಿ ನಡೆಸಲು ಜಗದ್ಗುರುಗಳಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ಪುರುಷ ವೈದ್ಯರ ಬಳಿಗೆ ಹೋಗಲಾರದೆ ಹೆರಿಗೆಯಲ್ಲಿ ಸಾಯುತ್ತಿದ್ದ ಭಾರತದ ಸ್ತ್ರೀಯರ ಸಂಕಟವನ್ನು ಡಾಕ್ಟರ್ ಅನ್ನಾ ಡೆಂಗೆಲ್ ಮೊದಲಾದವರು ರೋಮಿಗೆ ಮುಟ್ಟಿಸಿದರು. ಕೊನೆಗೆ 1936ರಲ್ಲಿ ರೋಮ್ ಆ ನಿರ್ಬಂಧವನ್ನು ತೆಗೆದು, ವೈದ್ಯಕೀಯವನ್ನೂ ಪ್ರಸೂತಿ ವಿದ್ಯೆಯನ್ನೂ ಕಲಿಯುವಂತೆ ಭಗಿನಿಯರನ್ನು ಪ್ರೋತ್ಸಾಹಿಸಿತು. ಸಿಸ್ಟರ್ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿ, 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ದೈವಾಧೀನರಾದರು. ಹೆರಿಗೆ ಬೇನೆಯನ್ನು ತಗ್ಗಿಸುವುದು ದೈವೇಚ್ಛೆಗೆ ವಿರುದ್ಧವೆಂದು ಕೆಲವರು ಭಾವಿಸಿದ್ದಾಗ, 1956ರ ಜನವರಿಯಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ಅದು ತಪ್ಪು ತಿಳಿವಳಿಕೆಯೆಂದು ಸ್ಪಷ್ಟಪಡಿಸಿದರು.

ಅಕ್ಕನ ಕಣ್ಣೀರಿಗೆ ಉತ್ತರ

ಇಷ್ಟು ಹೇಳಿದರೂ ಆ ಅಕ್ಕನ ಕಣ್ಣೀರಿಗೆ ಉತ್ತರ ಹೇಳಿದಂತಾಗಲಿಲ್ಲ. ಆಸ್ಪತ್ರೆಯೆಂಬ ಕಟ್ಟಡ ತನ್ನಷ್ಟಕ್ಕೇ ಪವಿತ್ರವಲ್ಲ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ, ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ತಾಯಂದಿರು ಬಾಣಂತಿ ಜ್ವರದಿಂದ ಸಾಯುತ್ತಿದ್ದರು. ಶವಗಳನ್ನು ಕೊಯ್ದ ಕೈಯಲ್ಲೇ ವೈದ್ಯರು ಬಸುರಿಯರನ್ನು ಮುಟ್ಟುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ ಸಾವು ಕುಸಿಯಿತು. ಆದರೂ ಅವರ ಮಾತನ್ನು ಬಹುಕಾಲ ವೈದ್ಯಲೋಕ ಒಪ್ಪಲಿಲ್ಲ.

ಇಂದಿನ ಆಸ್ಪತ್ರೆಗಳಿಗೂ ತೊಳೆದುಕೊಳ್ಳಬೇಕಾದ ಕೊಳೆಗಳಿವೆ. 2019-21ರ ಸಮೀಕ್ಷೆಯಂತೆ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ 100 ಹೆರಿಗೆಗಳಲ್ಲಿ 14 ಶಸ್ತ್ರಚಿಕಿತ್ಸೆಯಿಂದ ಆದರೆ, ಖಾಸಗಿಯಲ್ಲಿ 47. ಇಷ್ಟು ಅಂತರಕ್ಕೆ ತಾಯಂದಿರ ಅಗತ್ಯವೊಂದೇ ಕಾರಣವೆಂದು ನಂಬುವುದು ಕಷ್ಟ. ನೋವಿನಲ್ಲಿರುವವಳನ್ನು ಗದರಿಸುವುದು, ಒಂಟಿಯಾಗಿ ಬಿಡುವುದು ಪಾಪವೇ ಸರಿ. ಹೆರಿಗೆ ಕೋಣೆಯಲ್ಲಿ ತಾಯಿಗೆ ಒಬ್ಬ ಸ್ತ್ರೀ ಸಂಗಾತಿಯಿರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. ಇದನ್ನು ಬಲ್ಲವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ನಮ್ಮ ಕಥೋಲಿಕ ಆಸ್ಪತ್ರೆಗಳ ಭಗಿನಿಯರೂ ದಾದಿಯರೂ ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಬೇಕೆಂದು ವಿನಮ್ರವಾಗಿ ಕೋರುತ್ತೇವೆ.

ಸೂಲಗಿತ್ತಿಯರನ್ನು ಹೀಗಳೆಯುವುದೂ ಸಲ್ಲದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಬಡವರ ಮನೆಗಳಲ್ಲಿ ಸಂಭಾವನೆ ಬಯಸದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಪ್ರಖ್ಯಾತರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ಕ್ರಿಸ್ಮಸ್ ದಿನದಂದು ಅವರು ತೀರಿಕೊಂಡರು. ವೈದ್ಯರು ಇಲ್ಲದೆಡೆಯಲ್ಲಿ ಅವರ ಕೈ ದೇವರ ಕೈಯಾಗಿತ್ತು. ಆ ಕೈಯ ತಾಳ್ಮೆಯನ್ನೂ ಬೆಚ್ಚಗಿನ ಸ್ಪರ್ಶವನ್ನೂ ಆಸ್ಪತ್ರೆಗೆ ಕೊಂಡೊಯ್ಯಬೇಕೇ ವಿನಾ, ಬಸುರಿಯನ್ನು ಆಸ್ಪತ್ರೆಯಿಂದ ದೂರವಿಡಬಾರದು.

ಮನೆಯವರು ಮಾಡಬೇಕಾದ್ದು

ಹಾಗಾದರೆ ಚೊಚ್ಚಲ ಬಸುರಿಯ ಮನೆಯವರು ಮಾಡಬೇಕಾದ್ದೇನು? ತಾಯಿ ಕಾರ್ಡ್ ಮಾಡಿಸಿ, ತಿಂಗಳ ತಪಾಸಣೆಗಳನ್ನು ತಪ್ಪಿಸಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಕಾಣುವುದು, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಮನೆ ದೂರವಿದ್ದರೆ, ಹಳ್ಳವಿದ್ದರೆ, ದಿನ ತುಂಬುವ ಮುನ್ನವೇ ಆಸ್ಪತ್ರೆಗೆ ಹತ್ತಿರದ ನಂಟರ ಮನೆಗೆ ಬನ್ನಿ. 108 ಆಂಬ್ಯುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಆದರೂ ಅದು ಬರಲಾಗದಿದ್ದರೆ ಯಾರ ವಾಹನವೆಂದು ಮೊದಲೇ ಮಾತಾಡಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಅಗತ್ಯವಾದರೆ ಶಸ್ತ್ರಚಿಕಿತ್ಸೆ, ಔಷಧಿ, ರಕ್ತ ಎಲ್ಲವೂ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಯೋಜನೆ ವಿಧಿಸಿದೆ. ಶಸ್ತ್ರಚಿಕಿತ್ಸೆ ಬೇಕೆಂದರೆ ಏಕೆಂದು ಗೌರವದಿಂದ ಕೇಳಿರಿ. ಅದು ನಿಮ್ಮ ಹಕ್ಕು. ತವರಿನ ಬಾಣಂತನ ಎಂದಿನಂತೆ ನಡೆಯಲಿ. ಬಿಸಿನೀರು, ಪಥ್ಯ, ಜೋಗುಳ ಎಲ್ಲವೂ ಇರಲಿ. ಹೆರಿಗೆಯ ಆ ಕೆಲವು ಗಂಟೆಗಳನ್ನು ಮಾತ್ರ ಆಸ್ಪತ್ರೆಗೆ ಬಿಟ್ಟುಕೊಡಿ.

ಆ ಹೆಣ್ಣುಮಗಳು ಕೊನೆಗೆ ಆಸ್ಪತ್ರೆಯಲ್ಲೇ ಹೆತ್ತಳು. ನಿರ್ಧಾರ ನಮ್ಮದಾಗಿರಲಿಲ್ಲ, ಆಕೆಯದೇ. ನಮ್ಮ ವಾದಗಳಿಗಿಂತ ಅಜ್ಜಿಯ ಒಂದು ಮಾತು ಆಕೆಯನ್ನು ಮುಟ್ಟಿತ್ತು. ತಾಯಿಯನ್ನು ಒಳಗೆ ಬಿಡುವಿರಾ ಎಂದು ಮೊದಲೇ ಎರಡು ಕಡೆ ವಿಚಾರಿಸಿ, ಬಿಡುತ್ತೇವೆಂದ ಕಡೆಗೆ ಹೋದರು. ಹದಿನಾರು ಗಂಟೆಯ ನೋವು. ಮಗಳ ಕೈ ಹಿಡಿದು ತಾಯಿ ಪಕ್ಕದಲ್ಲೇ ಇದ್ದರು. ಹೆಣ್ಣುಮಗು. ಯಾವ ತೊಡಕೂ ಆಗಲಿಲ್ಲ. ಮಗುವನ್ನು ತೋರಿಸಲು ಬಂದಾಗ ಆಕೆಯ ಪತಿ ನಗುತ್ತ, "ಮನೆಯಲ್ಲೇ ಆಗಬಹುದಿತ್ತು ಫಾದರ್" ಎಂದರು.

ಆಗಬಹುದಿತ್ತು, ನಿಜ. ಆದರೆ ಅದು ತಿಳಿದದ್ದು ಹೆರಿಗೆಯಾದ ಮೇಲೆ. ಚೊಚ್ಚಲ ಹೆರಿಗೆ ಸುಖವಾಗಿತ್ತೆಂದು ಹೇಳಬಹುದು. ಸುಖವಾಗಿಯೇ ಆಗುತ್ತದೆಂದು ಯಾರೂ ಹೇಳಲಾರರು.

ಬರುವ ಭಾನುವಾರ ಆ ಮಗುವಿಗೆ ಸ್ನಾನದೀಕ್ಷೆ. ದೇವಾಲಯದ ಸ್ನಾನದೀಕ್ಷೆಯ ತೊಟ್ಟಿಯ ಬಳಿ, ಅವಸರವಿಲ್ಲದೆ, ಮನೆಯವರೆಲ್ಲರ ಎದುರಿನಲ್ಲಿ ನಾವು ನೀರು ಹೊಯ್ಯುತ್ತೇವೆ. ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ತಮ್ಮ ಮೊದಲ ಮಗುವಿಗೆ ಸೂಲಗಿತ್ತಿ ಇಟ್ಟ ಹೆಸರನ್ನೇ ಈ ಮಗುವಿಗೂ ಇಡಬೇಕೆಂದು ಅವರು ಕೇಳಿಕೊಂಡಿದ್ದಾರೆ. ಮನೆಯವರು ಸಂತೋಷದಿಂದ ಒಪ್ಪಿದ್ದಾರೆ. ದಿನ ತುಂಬುತ್ತಿರುವ ಎಲ್ಲ ತಾಯಂದಿರಿಗಾಗಿ, ಅಂದಿನ ಬಲಿಪೂಜೆಯಲ್ಲಿ ನಮ್ಮೊಡನೆ ನೀವೂ ಪ್ರಾರ್ಥಿಸಬೇಕೆಂದು ಕೋರುತ್ತೇವೆ.